ಉಪ್ಪು ಹಿಡಿದ ಗಾಜು: ಹಳೆಯ ಮೀನಿನ ಟ್ಯಾಂಕ್ ಒಂದರ ಪ್ರಕರಣ

ಹಳೆಯ ಮೀನಿನ ಟ್ಯಾಂಕಿನ ಗಾಜಿಗೆ ಹಿಡಿದ ಕಲೆ ತೆಗೆಯಲು ಬೆಂಗಳೂರಿನ ಹೊರವಲಯದ ಒಂದು ಮನೆಯಲ್ಲಿ ಸುಮಾರು ಎರಡು ವಾರ ನಡೆದ ಕೆಲಸ ಇದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ ಹಾಕುವುದು ಬೇಡ ಎಂದರು. ಹಾಗಾಗಿ ಆ ಮನೆಯಾಕೆಯನ್ನು ಅಕ್ಕ ಎಂದೂ, ಎಂಟನೇ ಕ್ಲಾಸಿನ ಅವರ ಮಗನನ್ನು ಹುಡುಗ ಎಂದೂ ಕರೆಯುತ್ತೇನೆ. ಮನೆಯಲ್ಲಿ ಅಜ್ಜಿಯೂ ಇದ್ದಾರೆ, ಅಕ್ಕನ ಅತ್ತೆ. ನಾನು ಬಹಳ ವರ್ಷಗಳಿಂದ ಮೀನು ಸಾಕುತ್ತಿರುವವನು. ಪರಿಚಯದವರು ಟ್ಯಾಂಕ್ ವಿಷಯಕ್ಕೆ ಫೋನ್ ಮಾಡುತ್ತಿರುತ್ತಾರೆ.

ಹಿನ್ನೆಲೆ

ಬಾಡಿಗೆ ಮನೆ ಖಾಲಿ ಮಾಡುತ್ತಿದ್ದ ಒಬ್ಬರು ತಮ್ಮ ಹಳೆಯ ಟ್ಯಾಂಕನ್ನು ಅಗ್ಗಕ್ಕೆ ಕೊಟ್ಟಿದ್ದರು. ಮೂರು ಅಡಿ ಉದ್ದ, 15 ಇಂಚು ಅಗಲ, 18 ಇಂಚು ಎತ್ತರ, 8 ಮಿಲಿಮೀಟರ್ ಗಾಜು. ಗಾಜಿನ ದಪ್ಪ ಕಳೆದು, ಅಂಚಿನವರೆಗೆ ತುಂಬಿದರೆ ಸುಮಾರು 147 ಲೀಟರ್ ನೀರು ಹಿಡಿಯುತ್ತದೆ. ಖಾಲಿ ಟ್ಯಾಂಕೇ 30 ಕೆಜಿ ಮೇಲೆ ತೂಗುತ್ತದೆ. ಹುಡುಗ ಎರಡು ವರ್ಷದಿಂದ ಮೀನು ಬೇಕು ಎಂದು ಹಟ ಹಿಡಿದಿದ್ದ. ಹೊಸದು ಕೊಳ್ಳುವಷ್ಟು ದುಡ್ಡು ಅದಕ್ಕೆ ಹಾಕುವ ಹಾಗಿರಲಿಲ್ಲ. ಇದು ಸಿಕ್ಕಿದ್ದು ಒಳ್ಳೆಯದೇ ಆಯಿತು ಎಂದು ಆಟೋದಲ್ಲಿ ತಂದರು.

ಹಿಂದಿನವರು ಅದರಲ್ಲಿ ಐದಾರು ವರ್ಷ ಗೋಲ್ಡ್ ಫಿಶ್ ಸಾಕಿದ್ದರು. ಬೋರ್‌ವೆಲ್ ನೀರು. ಮೀನು ಸತ್ತ ಮೇಲೆ ನೀರನ್ನು ಚೆಲ್ಲದೆ ಮೂಲೆಯಲ್ಲಿ ಬಿಟ್ಟುಬಿಟ್ಟಿದ್ದರಂತೆ. ಅದು ತಾನಾಗಿ ಆರುತ್ತಾ ಆರುತ್ತಾ ಒಣಗಿತು. ಈ ಮಾತನ್ನು ಅಕ್ಕ ಮೊದಲ ದಿನವೇ ಹೇಳಿದ್ದರು. ನಾನು ಕಿವಿಗೆ ಹಾಕಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ. ಅದಕ್ಕೆ ಆಮೇಲೆ ಮೂರು ದಿನ ದಂಡ ಕಟ್ಟಬೇಕಾಯಿತು.

ಕಲೆ ಎರಡು ಥರ ಇತ್ತು. ಗಾಜಿನ ಒಳಮೈಯಲ್ಲಿ, ಮೇಲಿನ ಅಂಚಿನ ಹತ್ತಿರ, ಸುತ್ತಲೂ ಮೂರು ಬೆರಳಗಲದ ಬಿಳಿ ಪಟ್ಟಿ. ಮುಟ್ಟಿದರೆ ಹಳೇ ಗೀಸರ್ ಕಾಯಿಲ್ ಮೇಲೆ ಕಟ್ಟಿದ ಪದರದ ಹಾಗೆ ಒರಟು. ಅದರ ಕೆಳಗೆ, ಮುಂದಿನ ಗಾಜಿನಲ್ಲಿ ಒಂದು ಗೇಣು ಎತ್ತರಕ್ಕೆ ಹೊಗೆ ಹಿಡಿದಂಥ ಮಸುಕು. ಅದು ಮುಟ್ಟಿದರೆ ನುಣ್ಣಗಿತ್ತು.

ನಾನು ಹೋಗುವ ಮೊದಲು

ಪಾತ್ರೆ ಸೋಪು, ಸ್ಕ್ರಬ್ಬರ್ ಹಾಕಿ ಉಜ್ಜಿದ್ದರು. ಏನೂ ಆಗಲಿಲ್ಲ. ಸೋಪು ಜಿಡ್ಡಿಗೆ ಸರಿ, ನೀರಿನಿಂದ ಕಟ್ಟಿದ ಸುಣ್ಣಕ್ಕೆ ಅಲ್ಲ. ಆಮೇಲೆ ಅಜ್ಜಿ, "ತಾಮ್ರದ ಹಂಡೆಗೆ ಹಾಕೋ ಹಾಗೆ ಹುಣಸೆಹಣ್ಣು ಹಾಕು" ಎಂದರು. ಅಕ್ಕ ಹಾಕಿದರು. ಸ್ವಲ್ಪ ಬಿಟ್ಟಿತು, ಆದರೆ ತುಂಬ ಸ್ವಲ್ಪ. ನನ್ನನ್ನು ಕೇಳಿದರೆ, ಇಡೀ ಮನೆಯಲ್ಲಿ ಮೊದಲು ಸರಿಯಾದ ದಾರಿ ಹಿಡಿದವರು ಅಜ್ಜಿಯೇ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಈ ಕಲೆಗೆ ಬೇಕಾದದ್ದು ಹುಳಿಯೇ. ಹುಳಿ ಸಾಲಲಿಲ್ಲ, ನಿಂತ ಗಾಜಿನ ಮೇಲೆ ಅದು ನಿಲ್ಲಲೂ ಇಲ್ಲ, ಅಷ್ಟೆ.

ಮೂರನೆಯದೇ ಅಪಾಯದ್ದು. ಒಬ್ಬ ನೆಂಟರು ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ, ಐದು ನಿಮಿಷದ ಕೆಲಸ ಎಂದಿದ್ದರು. ಬಾಟಲಿ ತಂದಿಟ್ಟುಕೊಂಡು, ಹಾಕುವ ಮೊದಲು ಒಂದು ಮಾತು ಕೇಳೋಣ ಎಂದು ಅಕ್ಕ ನನಗೆ ಫೋನ್ ಮಾಡಿದರು. ಈಗ ಟ್ಯಾಂಕ್ ಒಳಗೆ ಏನಾದರೂ ಇದೆಯಾ ಎಂದು ಕೇಳಿದೆ. "ಬೆಳಗ್ಗೆ ಬ್ಲೀಚಿಂಗ್ ಪೌಡರ್ ನೀರು ಹಾಕಿದ್ದೀನಿ, ಕ್ರಿಮಿ ಸಾಯ್ಲಿ ಅಂತ" ಎಂದರು.

ನನಗೆ ಎದೆ ಧಸಕ್ಕೆಂದಿತು. ಆ ಬಾಟಲಿಯಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚಿಂಗ್ ಪೌಡರ್‌ಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಕ್ಕ ಟ್ಯಾಂಕ್ ಇಟ್ಟಿದ್ದು ಕಿಟಕಿ ಇಲ್ಲದ ಬಚ್ಚಲಿನಲ್ಲಿ. ಒಳಗೆ ತಲೆ ಹಾಕಿ ಉಜ್ಜುವಾಗ ಆ ಅನಿಲ ನೇರ ಶ್ವಾಸಕೋಶಕ್ಕೆ ಹೋಗುತ್ತಿತ್ತು. ವಿನೆಗರ್ ಹಾಕಿದರೂ ಇದೇ ಅಪಾಯ. ಬಾಟಲಿ ತೆರೆಯಬೇಡಿ, ಬ್ಲೀಚಿಂಗ್ ನೀರು ಚೆಲ್ಲಿ ನಾಲ್ಕು ಸಲ ತೊಳೆಯಿರಿ, ಇಡೀ ದಿನ ಅಂಗಳದಲ್ಲಿ ಗಾಳಿಗೆ ಇಡಿ, ನಾನು ನಾಳೆ ಬರುತ್ತೇನೆ ಎಂದೆ. ಈ ಪ್ರಕರಣವನ್ನು ಬರೆಯಬೇಕು ಅನ್ನಿಸಿದ್ದೇ ಆ ಒಂದು ಫೋನ್ ಕರೆಯಿಂದ. ಕ್ರಿಮಿಗೆ ಹಾಕುವುದು ಬೇರೆ ದಿನ, ಕಲೆಗೆ ಹಾಕುವುದು ಬೇರೆ ದಿನ. ನಡುವೆ ಚೆನ್ನಾಗಿ ತೊಳೆದಿರಬೇಕು.

ಬ್ಲೀಚಿಂಗ್ ಇಲ್ಲದಿದ್ದರೂ ಆ ಬಾಟಲಿ ಬೇಡ ಎನ್ನುತ್ತಿದ್ದೆ. ಸುಣ್ಣ ಕರಗುವುದು ನಿಜ. ಆದರೆ ಅದರ ಜೊತೆ ಬಣ್ಣ, ಸುವಾಸನೆ, ಸೋಪಿನಂಥ ಪದಾರ್ಥಗಳೂ ಇರುತ್ತವೆ. ಗಾಜಿನ ಕೂಡುಗಳಲ್ಲಿರುವ ಸಿಲಿಕೋನ್ ಅಂಟಿನ ಸಂದಿಯಲ್ಲಿ ಅವು ಕೂತರೆ ತೊಳೆದು ತೆಗೆಯುವುದು ಕಷ್ಟ. ಅದೇ ನೀರಿನಲ್ಲಿ ಮೀನು ಉಸಿರಾಡಬೇಕು.

ಮೊದಲ ಎರಡು ದಿನ

ಮರುದಿನ ಮೊದಲು ಮಾಡಿದ್ದು ಕಲೆಯ ಕೆಲಸವಲ್ಲ, ಸೋರಿಕೆ ನೋಡಿದ್ದು. ಅಂಗಳದಲ್ಲಿ ಸಮತಟ್ಟಾದ ಜಾಗಕ್ಕೆ ಥರ್ಮಾಕೋಲ್ ಹಾಸಿ, ಅದರ ಮೇಲೆ ಟ್ಯಾಂಕ್ ಇಟ್ಟು, ಸುತ್ತ ಒಣ ಪೇಪರ್ ಹಾಕಿ ನೀರು ತುಂಬಿದೆವು. 24 ಗಂಟೆ ಬಿಟ್ಟೆವು. ಪೇಪರ್ ಒಣಗಿಯೇ ಇತ್ತು. ಒಂದು ವಾರ ಉಜ್ಜಿದ ಮೇಲೆ ಟ್ಯಾಂಕ್ ಸೋರುತ್ತದೆ ಎಂದು ಗೊತ್ತಾದರೆ ಆ ಶ್ರಮವೆಲ್ಲ ದಂಡ ಅಲ್ವಾ?

ನೀರು ತುಂಬಿದ್ದಾಗ ಒಂದು ಸಂಗತಿ ಕಂಡಿತು. ಕೆಳಗಿನ ಮಸುಕು ಹೆಚ್ಚುಕಡಿಮೆ ಮಾಯವಾಗಿತ್ತು. ಮೇಲಿನ ಬಿಳಿ ಪಟ್ಟಿ ಮಾತ್ರ ಹಾಗೇ ಇತ್ತು. ಒದ್ದೆಯಾದರೆ ಯಾವ ಕಲೆಯೂ ಕಡಿಮೆ ಕಾಣುತ್ತದೆ ಎಂದು ಸುಮ್ಮನಾದೆ.

ನೀರು ಖಾಲಿ ಮಾಡಿ ಒಣಗಿಸಿ, ಒಂದು ಡ್ರಾಪರ್‌ನಲ್ಲಿ ವಿನೆಗರ್ ತೆಗೆದುಕೊಂಡೆವು. ಬಿಳಿ ಪಟ್ಟಿಯ ಮೇಲೆ ಒಂದು ಹನಿ ಬಿಟ್ಟ ಕೂಡಲೇ ಸಣ್ಣ ಗುಳ್ಳೆಗಳು ಎದ್ದವು. "ಅಂಕಲ್, ಸೋಡಾ ಥರ!" ಎಂದು ಹುಡುಗ ಕೂಗಿದ. ಮಸುಕಿನ ಮೇಲೆ ಬಿಟ್ಟ ಹನಿ ಸುಮ್ನೆ ಜಾರಿ ಇಳಿಯಿತು.

ಗುಳ್ಳೆ ಬಂದರೆ ಅದು ಕ್ಯಾಲ್ಸಿಯಂ ಕಾರ್ಬೋನೇಟ್. ಗೋಡೆಗೆ ಬಳಿದ ಸುಣ್ಣ ಗಾಳಿಗೆ ಗಟ್ಟಿಯಾದಾಗ ಆಗುವುದೂ ಅದೇ, ಮೊಟ್ಟೆಯ ಚಿಪ್ಪೂ ಅದೇ. ನೆಲದೊಳಗಿನ ನೀರಿನಲ್ಲಿ ಅದು ಕರಗಿದ ರೂಪದಲ್ಲಿರುತ್ತದೆ. ನೀರು ಆವಿಯಾಗಿ, ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೊರಟುಹೋದಾಗ ಸುಣ್ಣ ಗಾಜಿಗೆ ಅಂಟಿಕೊಳ್ಳುತ್ತದೆ. ಹುಳಿ ತಗುಲಿದರೆ ಮತ್ತೆ ಕರಗುತ್ತದೆ, ಗುಳ್ಳೆಯಾಗಿ ಅದೇ ಅನಿಲ ಹೊರಬರುತ್ತದೆ.

ಅವರ ಮನೆಯ ನೀರನ್ನು ನನ್ನ ಹತ್ತಿರವಿದ್ದ ಹನಿ ಕಿಟ್‌ನಲ್ಲಿ ನೋಡಿದೆ. ಗಡಸುತನ, ಅಂದರೆ ನೀರಿನಲ್ಲಿ ಕರಗಿದ ಸುಣ್ಣದಂಥ ಲವಣಗಳ ಅಳತೆ, ಲೀಟರಿಗೆ 450 ಮಿಲಿಗ್ರಾಂ ಆಸುಪಾಸು ಬಂತು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕದಲ್ಲಿ 200ರವರೆಗೆ ಒಪ್ಪಿತ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಈ ಅಳತೆಯ ಟ್ಯಾಂಕ್‌ನಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದರೆ ಸುಮಾರು ಮೂರೂಕಾಲು ಲೀಟರ್ ಆವಿಯಾಯಿತು ಎಂದು ಲೆಕ್ಕ. ನೀರು ಹೋಗುತ್ತದೆ, ಅದರಲ್ಲಿದ್ದ ಒಂದೂವರೆ ಗ್ರಾಂ ಸುಣ್ಣ ಒಳಗೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಬೋರ್‌ವೆಲ್ ನೀರು ಹಾಕಿದರೆ ಇನ್ನೊಂದು ಒಂದೂವರೆ ಗ್ರಾಂ. ಐದಾರು ವರ್ಷ ಹೀಗೆ ಆದರೆ ಪಟ್ಟಿ ಕಟ್ಟದೆ ಇನ್ನೇನಾಗುತ್ತದೆ?

ಬಿಳಿ ಪಟ್ಟಿ ಬಿಟ್ಟ ರೀತಿ

ಕಿರಾಣಿ ಅಂಗಡಿಯ ಬಿಳಿ ವಿನೆಗರ್‌ನಲ್ಲಿ ಹಳೇ ಪಂಚೆಯ ತುಂಡುಗಳನ್ನು ನೆನೆಸಿ ಗಾಜಿಗೆ ಅಂಟಿಸಿದೆವು. ಏಪ್ರಿಲ್ ಬಿಸಿಲು. ಅರ್ಧ ಗಂಟೆಯಲ್ಲಿ ಬಟ್ಟೆ ಒಣಗಿ ಬಿದ್ದುಹೋಯಿತು. ಮತ್ತೆ ನೆನೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ನೋಡಿದೆವು. ಹುಳಿಯೆಲ್ಲ ಕೆಳಗೆ ಇಳಿದು ಟ್ಯಾಂಕಿನ ತಳ ಸೇರಿತು. ಪಟ್ಟಿ ಇದ್ದಲ್ಲೇ ಇತ್ತು. ಒಂದು ಸಂಜೆ ಹೀಗೇ ಹೋಯಿತು.

ಆಗ ಹೊಳೆದದ್ದು ಗಾಜನ್ನೇ ನೆಲ ಮಾಡುವ ಉಪಾಯ. ಟ್ಯಾಂಕನ್ನು ಮಲಗಿಸಿದರೆ ನಿಂತ ಗಾಜು ನೆಲವಾಗುತ್ತದೆ, ಹುಳಿ ಅದರ ಮೇಲೆ ನಿಲ್ಲುತ್ತದೆ. ಬಾಯಿಯ ಕಡೆಯಿಂದ ಹರಿದು ಹೋಗುವುದಿಲ್ಲವೇ ಎಂದು ಅಕ್ಕ ಕೇಳಿದರು. ಈ ಟ್ಯಾಂಕಿಗೆ ಮೇಲಂಚಿನ ಒಳಗಡೆ, ಉದ್ದಕ್ಕೂ, ಎರಡು ಇಂಚು ಅಗಲದ ಗಾಜಿನ ಪಟ್ಟಿ ಅಂಟಿಸಿದ್ದರು. ನೀರಿನ ಒತ್ತಡಕ್ಕೆ ಗಾಜು ಬಾಗದಿರಲಿ ಎಂದು ಹಾಕುವ ಪಟ್ಟಿ ಅದು. ಟ್ಯಾಂಕ್ ಮಲಗಿಸಿದಾಗ ಅದು ಕೆರೆಯ ಕಟ್ಟೆಯ ಹಾಗೆ ಎದ್ದು ನಿಂತಿತು. ತಳದ ಕಡೆ ಒಂದು ಮಡಿಸಿದ ಗೋಣಿಚೀಲ ಕೊಟ್ಟು, ಬಾಯಿಯ ಕಡೆಗೆ ಸ್ವಲ್ಪವೇ ಇಳಿಜಾರು ಮಾಡಿದೆವು. ವಿನೆಗರ್ ಎಲ್ಲ ಬಿಳಿ ಪಟ್ಟಿ ಇದ್ದಲ್ಲಿಗೇ ಬಂದು ನಿಂತಿತು. ಒಂದೂವರೆ ಲೀಟರ್ ಸಾಕಾಯಿತು.

ಮಲಗಿಸುವಾಗ ಇಬ್ಬರು ದೊಡ್ಡವರು ಬೇಕು, ಕೆಳಗೆ ದಪ್ಪ ಜಮಖಾನೆ ಬೇಕು. ಎತ್ತುವಾಗ ತಳಕ್ಕೆ ಕೈ ಕೊಡಬೇಕು. ಮೇಲಿನ ಗಾಜಿನ ಪಟ್ಟಿ ಹಿಡಿದು ಎತ್ತಬಾರದು, ಅಂಟು ಬಿಟ್ಟೀತು.

ಇಲ್ಲಿ ಒಂದು ನಷ್ಟವಾಯಿತು. ಬಿಸಿಲಿಗೆ ಬೇಡ ಎಂದು ಟ್ಯಾಂಕನ್ನು ಪಡಸಾಲೆಗೆ ತಂದು ಮಲಗಿಸಿದ್ದೆವು. ಅಲ್ಲಿ ಹಳೇ ಮೊಸಾಯಿಕ್ ನೆಲ. ರಾತ್ರಿ ಸ್ವಲ್ಪ ವಿನೆಗರ್ ಜಿನುಗಿ ಜಮಖಾನೆಯ ಅಂಚಿನಿಂದ ನೆಲಕ್ಕೆ ಇಳಿದಿತ್ತು. ಬೆಳಗ್ಗೆ ನೋಡಿದರೆ ಅಂಗೈಯಗಲ ಜಾಗದಲ್ಲಿ ಪಾಲಿಶ್ ಹೋಗಿ ನೆಲ ಮಂಕಾಗಿದೆ. ಮೊಸಾಯಿಕ್‌ನಲ್ಲಿರುವ ಅಮೃತಶಿಲೆಯ ಚೂರೂ ಕ್ಯಾಲ್ಸಿಯಂ ಕಾರ್ಬೋನೇಟೇ. ಟ್ಯಾಂಕಿನ ಕಲೆಯನ್ನು ತಿನ್ನುವ ಹುಳಿ ನೆಲವನ್ನು ಬಿಡುತ್ತದೆಯೇ? ಗೊತ್ತಿದ್ದೂ ಪ್ಲಾಸ್ಟಿಕ್ ಹಾಸದೆ ಇದ್ದದ್ದು ನನ್ನ ತಪ್ಪು. ಅಜ್ಜಿಗೆ ಹೇಳಿ ಕ್ಷಮೆ ಕೇಳಿದೆ. "ಹೋಗ್ಲಿ ಬಿಡಪ್ಪಾ, ಮಗು ಸಂತೋಷವಾಗಿದ್ದರೆ ಸಾಕು" ಎಂದರು.

ಒಂದು ರಾತ್ರಿ ನೆಂದ ಪದರ ಮೆತ್ತಗಾಗಿತ್ತು. ಹಳೇ ಎಟಿಎಂ ಕಾರ್ಡ್‌ನಿಂದ ಕೆರೆದರೆ ಹಪ್ಪಳದ ಚೂರಿನ ಹಾಗೆ ಎದ್ದು ಬಂತು. ಎಲ್ಲಿ ದಪ್ಪ ಇತ್ತೋ ಅಲ್ಲಿ ಒಂದೇ ಬದಿ ಹರಿತವಿರುವ ಬ್ಲೇಡ್ ಬಳಸಿದೆವು. ಗಾಜು ಒದ್ದೆಯಾಗಿರಬೇಕು, ಬ್ಲೇಡನ್ನು ಬಹುತೇಕ ಮಲಗಿಸಿ ಒಂದೇ ದಿಕ್ಕಿಗೆ ತಳ್ಳಬೇಕು. ಮೂಲೆಯ ಸಿಲಿಕೋನ್‌ಗೆ ಎರಡು ಬೆರಳು ದೂರದಲ್ಲೇ ನಿಲ್ಲಬೇಕು. ವಿನೆಗರ್‌ನಿಂದ ಸಿಲಿಕೋನ್‌ಗೆ ತೊಂದರೆ ಇಲ್ಲ, ಬ್ಲೇಡ್ ತಗುಲಿದರೆ ಮಾತ್ರ ಟ್ಯಾಂಕ್ ಸೋರಲು ಶುರುವಾಗುತ್ತದೆ. ಇನ್ನೊಂದು ಮಾತು, ಇದು ಗಾಜಿಗೆ ಮಾತ್ರ. ಅಕ್ರಿಲಿಕ್ ಟ್ಯಾಂಕಿಗೆ ಬ್ಲೇಡ್ ಮುಟ್ಟಿಸಲೇಬಾರದು.

ಉಳಿದ ಮೂರು ಬದಿಗೆ ವಿನೆಗರ್ ಬದಲು ನಿಂಬೆ ಉಪ್ಪು ಬಳಸಿದೆವು. ಕಿರಾಣಿಯಲ್ಲಿ ಹರಳು ಹರಳಾಗಿ ಸಿಗುವ ಸಿಟ್ರಿಕ್ ಆಮ್ಲ. ಲೀಟರ್ ಉಗುರುಬೆಚ್ಚಗಿನ ನೀರಿಗೆ 100 ಗ್ರಾಂ. ಅಗ್ಗ, ಮೂಗಿಗೆ ಹೊಡೆಯುವ ವಾಸನೆಯೂ ಇಲ್ಲ, ಕೆಲಸ ವಿನೆಗರ್‌ಗಿಂತ ಬೇಗ. ಒಂದು ಬದಿಯಲ್ಲಿ ಅದು ಒಣಗಿಹೋಗಿ, ಬೆಳಗ್ಗೆ ಗಾಜಿನ ಮೇಲೆ ಬಿಳಿ ಪುಡಿ ಕೂತಿತ್ತು. ಕಲೆ ವಾಪಸ್ ಬಂತು ಎಂದು ಅಕ್ಕ ಗಾಬರಿಯಾದರು. ಅದು ಕ್ಯಾಲ್ಸಿಯಂ ಸಿಟ್ರೇಟ್. ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹೊಸದಾಗಿ ಕಲೆಸಿದ ನಿಂಬೆ ಉಪ್ಪಿನ ನೀರು ಹಾಕಿ ಒರೆಸಿದಾಗ ಹೋಯಿತು. ಆಮೇಲೆ ಒಣಗಲು ಬಿಡಲಿಲ್ಲ. ದಿನಕ್ಕೊಂದು ಬದಿಯಂತೆ, ಒಟ್ಟು ನಾಲ್ಕು ದಿನಕ್ಕೆ ಬಿಳಿ ಪಟ್ಟಿ ಪೂರ್ತಿ ಹೋಯಿತು.

ಹೋಗದ ಮಸುಕು

ಇನ್ನು ಕೆಳಗಿನ ಮಸುಕು. ಬಿಳಿ ಪಟ್ಟಿ ಎದ್ದ ಮೇಲೆ, ಮುಂದಿನ ಗಾಜಿನಲ್ಲಿ ಅದರ ಅಡಿಯಲ್ಲೂ ಅದೇ ಮಸುಕು ಕಾಣಿಸಿತು. ಮೇಲಿನದು ಬಿಟ್ಟಿತಲ್ಲ, ಇದೂ ಬಿಡುತ್ತದೆ ಎಂದು ನಾನು ಹಟಕ್ಕೆ ಬಿದ್ದೆ. ವಿನೆಗರ್ ಒಂದು ರಾತ್ರಿ. ನಿಂಬೆ ಉಪ್ಪು ಇನ್ನೊಂದು ರಾತ್ರಿ, ಅದೂ ಎರಡರಷ್ಟು ಗಟ್ಟಿಯಾಗಿ. ಅಕ್ಕ ಯಾರೋ ಹೇಳಿದರೆಂದು ವಿನೆಗರ್‌ಗೆ ಅಡುಗೆ ಸೋಡಾ ಸೇರಿಸಿ ಹಚ್ಚಿದರು. ನೊರೆ ಚೆನ್ನಾಗಿ ಬಂತು. ಆದರೆ ಸೋಡಾ ಹುಳಿಯನ್ನು ಕೊಂದುಹಾಕುತ್ತದೆ, ಎರಡೂ ಸೇರಿದರೆ ಎರಡರ ಶಕ್ತಿಯೂ ಹೋಗುತ್ತದೆ. ಮೂರನೇ ದಿನಕ್ಕೂ ಮಸುಕು ಇದ್ದ ಹಾಗೇ ಇತ್ತು.

ಆಗ ಅಕ್ಕನ ಮನೆಯವರು ಒಂದು ಅಂಗಡಿಯಿಂದ ಕಲ್ಲು ತೊಳೆಯುವ ದ್ರಾವಣ ತಂದರು. ಗಾಜಿನ ಕಲೆಯೂ ಹೋಗುತ್ತದೆ ಎಂದು ಅಂಗಡಿಯವರು ಕೊಟ್ಟಿದ್ದರು. ಚೀಟಿ ಓದಿದೆ. ಹೈಡ್ರೋಫ್ಲೋರಿಕ್ ಆಮ್ಲ ಎಂದಿತ್ತು. ಗಾಜನ್ನೇ ಕರಗಿಸುವ ಆಮ್ಲ ಅದು. ಚರ್ಮಕ್ಕೆ ತಗುಲಿದರೆ ಕೆಲವೊಮ್ಮೆ ಮೊದಲು ಉರಿಯೇ ಗೊತ್ತಾಗುವುದಿಲ್ಲ, ಒಳಗಿಳಿದು ಮೂಳೆಯವರೆಗೂ ಹಾನಿ ಮಾಡುತ್ತದೆ, ಜೀವಕ್ಕೂ ಕುತ್ತು. ಮನೆಯಲ್ಲಿ ಮಕ್ಕಳ ಕೈಗೆ ಸಿಗುವ ಕಡೆ ಆ ಬಾಟಲಿ ಇರಲೇಬಾರದು. ಮುಚ್ಚಳ ತೆರೆಯದೆ ವಾಪಸ್ ಕೊಡಿಸಿದೆ.

ಅವತ್ತು ರಾತ್ರಿ ಮನೆಗೆ ಬಂದು ಯೋಚಿಸಿದೆ. ಗುಳ್ಳೆ ಬರಲಿಲ್ಲ. ಉಗುರಿಗೆ ಸಿಗುವುದಿಲ್ಲ. ನೀರು ತುಂಬಿದಾಗ ಮಾಯವಾಗಿತ್ತು. ಹಿಂದಿನವರು ನೀರನ್ನು ಒಳಗೇ ಒಣಗಲು ಬಿಟ್ಟಿದ್ದರು. ಈ ನಾಲ್ಕನ್ನೂ ಜೋಡಿಸಿದರೆ ಉತ್ತರ ಒಂದೇ. ಗಾಜಿನ ಮೇಲೆ ಏನೂ ಅಂಟಿಲ್ಲ. ಗಾಜೇ ಸವೆದಿದೆ. ನಿಂತ ಗಡಸು ನೀರು ಆರುತ್ತಾ ಹೋದ ಹಾಗೆ ಅದರ ಕ್ಷಾರ ಗಟ್ಟಿಯಾಗುತ್ತದೆ. ಅಂಥ ನೀರು ತಿಂಗಳುಗಟ್ಟಲೆ ತಗುಲಿಕೊಂಡಿದ್ದರೆ ಗಾಜಿನ ಮೈಯನ್ನು ನಿಧಾನವಾಗಿ ತಿನ್ನುತ್ತದೆ. ಕಣ್ಣಿಗೆ ಕಾಣದ ಗುಳಿಗಳಾಗುತ್ತವೆ, ಬೆಳಕು ಅದರಲ್ಲಿ ಚದುರಿ ಮಸುಕು ಕಾಣುತ್ತದೆ. ಇಲ್ಲದ್ದನ್ನು ಯಾವ ಹುಳಿ ತಾನೇ ಕರಗಿಸೀತು?

ಗಾಜಿಗೆ ಪಾಲಿಶ್ ಕೊಡುವ ಸೀರಿಯಂ ಆಕ್ಸೈಡ್ ಪುಡಿ ನನ್ನ ಹತ್ತಿರ ಸ್ವಲ್ಪ ಇತ್ತು. ಮರುದಿನ ನೀರಿನಲ್ಲಿ ಕಲೆಸಿ, ಒಂದು ಮೂಲೆಯಲ್ಲಿ ಅಂಗೈಯಗಲ ಜಾಗವನ್ನು ಬಟ್ಟೆಯಿಂದ ಉಜ್ಜಿದೆವು. ನಾನು ಇಪ್ಪತ್ತು ನಿಮಿಷ, ಹುಡುಗ ಇಪ್ಪತ್ತು ನಿಮಿಷ. ತುಸು ತಿಳಿಯಾಯಿತು. ಇಡೀ ಗಾಜಿಗೆ ಹೀಗೆ ಮಾಡಬೇಕೆಂದರೆ ವಾರಗಟ್ಟಲೆ ಬೇಕು. ಯಂತ್ರ ಹಾಕಿದರೆ ಗಾಜು ಬಿಸಿಯಾಗಿ ಬಿರುಕು ಬಿಡಬಹುದು, ಮೈ ಏರುತಗ್ಗಾದರೆ ಒಳಗಿನ ಮೀನು ಅಂಕುಡೊಂಕಾಗಿ ಕಾಣುತ್ತದೆ.

ಇಲ್ಲಿಗೆ ನಿಲ್ಲಿಸೋಣ ಎಂದೆ. ಹುಡುಗನ ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತು ಟ್ಯಾಂಕ್ ಸುತ್ತ ಓಡಾಡಿ ಬಂದು, "ಅಂಕಲ್, ಇದನ್ನ ಹಿಂದೆ ಮಾಡಿ ತಿರುಗಿಸಿ ಇಟ್ಟರೆ?" ಎಂದ.

ಅದೇ ಸರಿಯಾದ ಉತ್ತರವಾಗಿತ್ತು. ಹಿಂದಿನ ಗಾಜು ಗೋಡೆಯ ಕಡೆ ಇದ್ದದ್ದು, ಚೆನ್ನಾಗಿತ್ತು. ಅದನ್ನು ಮುಂದೆ ತಂದೆವು. ಮಸುಕು ಗಾಜು ಹಿಂದಕ್ಕೆ ಹೋಯಿತು, ಅದರ ಹೊರಮೈಗೆ ಕಪ್ಪು ಹಾಳೆ ಅಂಟಿಸಿದೆವು. ನೀರು ತುಂಬಿದಾಗ ಮಸುಕು ಬಹುತೇಕ ಕಾಣಲಿಲ್ಲ. ಒಂದು ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ಅಳತೆಗೆ ವಕ್ರೀಭವನ ಸೂಚ್ಯಂಕ ಎನ್ನುತ್ತಾರೆ. ಗಾಜಿನದು ಸುಮಾರು 1.5, ನೀರಿನದು 1.33, ಗಾಳಿಯದು 1. ಗುಳಿಗಳಲ್ಲಿ ಗಾಳಿಯ ಬದಲು ನೀರು ತುಂಬಿದಾಗ ವ್ಯತ್ಯಾಸ ಕಡಿಮೆಯಾಗುತ್ತದೆ, ಬೆಳಕು ಅಷ್ಟಾಗಿ ಚದುರುವುದಿಲ್ಲ. ಒಳಮೈಯ ಸವೆತಕ್ಕೆ ಮಾತ್ರ ಈ ಅನುಕೂಲ. ಹೊರಮೈ ಸವೆದಿದ್ದರೆ ನೀರು ತುಂಬಿದರೂ ಕಾಣುತ್ತಿತ್ತು.

ಈಗ ಯಾರಾದರೂ ಹಳೇ ಟ್ಯಾಂಕ್ ನೋಡಲು ಕರೆದರೆ ನಾನು ಮೊದಲ ದಿನವೇ ಮೂರು ಕೆಲಸ ಮಾಡುತ್ತೇನೆ. ನೀರನ್ನು ಹೇಗೆ ಖಾಲಿ ಮಾಡಿದರು ಎಂದು ಕೇಳುತ್ತೇನೆ. ನೀರು ತುಂಬಿ, ಸೋರಿಕೆಯ ಜೊತೆಗೆ ಯಾವ ಕಲೆ ಮಾಯವಾಯಿತು, ಯಾವುದು ಉಳಿಯಿತು ಎಂದೂ ನೋಡುತ್ತೇನೆ. ಒಣಗಿಸಿ ಎಲ್ಲ ಕಡೆ ಒಂದೊಂದು ಹನಿ ವಿನೆಗರ್ ಬಿಡುತ್ತೇನೆ. ಗುಳ್ಳೆ ಬಾರದ ಕಲೆಗೆ ಹುಳಿಯನ್ನು ಜಾಸ್ತಿ ಮಾಡುತ್ತಾ ಹೋಗುವುದನ್ನು ಬಿಟ್ಟಿದ್ದೇನೆ. ಗುಳ್ಳೆ ಬರದ ಗಟ್ಟಿ ಪದರವೂ ಇರಬಹುದು, ಬೋರ್‌ವೆಲ್ ನೀರಿನ ಸಿಲಿಕಾ ಹಾಗೆ ಕಟ್ಟುತ್ತದೆ. ಅದು ಉಗುರಿಗೆ ಸಿಗುತ್ತದೆ, ಬ್ಲೇಡ್‌ಗೆ ಕೆಲವು ಸಲ ಬಿಡುತ್ತದೆ.

ಆಮೇಲೆ

ಟ್ಯಾಂಕನ್ನು ಐದಾರು ಸಲ ತೊಳೆದು, ಒಂದು ದಿನ ನೀರು ತುಂಬಿಟ್ಟು ಚೆಲ್ಲಿ, ಮತ್ತೆ ತುಂಬಿದೆವು. ಬ್ಲೇಡ್ ಆಡಿಸಿದ್ದರಿಂದ ಇನ್ನೊಮ್ಮೆ ಸೋರಿಕೆ ನೋಡಿದೆವು. ಫಿಲ್ಟರ್ ಹಾಕಿ, ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯಲಿ ಎಂದು ಐದು ವಾರ ಕಾದು, ಗಪ್ಪಿ ಮತ್ತು ಮೋಲಿ ಬಿಟ್ಟೆವು. ಎರಡೂ ಗಡಸು ನೀರಿಗೆ ಹೊಂದಿಕೊಳ್ಳುವ ಮೀನುಗಳು.

ಆವಿಯಾದ ನೀರಿನ ಬದಲಿಗೆ ಏನು ಹಾಕುವುದು ಎಂಬ ಪ್ರಶ್ನೆ ಬಂತು. ಆರ್‌ಒ ಯಂತ್ರದಿಂದ ಹೊರಹೋಗುವ ನೀರು ಸುಮ್ನೆ ಪೋಲಾಗುತ್ತದಲ್ಲ, ಅದನ್ನು ಹಾಕಲಾ ಎಂದು ಅಕ್ಕ ಕೇಳಿದರು. ಬೇಡ ಎಂದೆ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಒಟ್ಟಾಗಿ ಸೇರುವುದೇ ಅದರಲ್ಲಿ. ಈಗ ಮಳೆಗಾಲದಲ್ಲಿ ತಾರಸಿಯ ಮಳೆನೀರು ಹಾಕುತ್ತಾರೆ, ಮೊದಲ ಮಳೆಯ ನೀರನ್ನು ಬಿಟ್ಟುಬಿಡುತ್ತಾರೆ. ಮಿಕ್ಕ ದಿನ ಆರ್‌ಒದ ಕುಡಿಯುವ ನೀರು. ಇದು ಆವಿಯಾದಷ್ಟನ್ನು ತುಂಬಲು ಮಾತ್ರ, ಟ್ಯಾಂಕಿನ ನೀರು ಬದಲಾಯಿಸುವಾಗ ಬೋರ್‌ವೆಲ್ ನೀರೇ. ಮೇಲೆ ಗಾಜಿನ ಮುಚ್ಚಳ ಇದೆ. ಭಾನುವಾರ ಹುಡುಗ ನೀರಿನ ಅಂಚನ್ನು ಬಟ್ಟೆಯಿಂದ ಒಮ್ಮೆ ಒರೆಸುತ್ತಾನೆ.

ಎಂಟು ತಿಂಗಳ ಮೇಲೆ ಹೋಗಿದ್ದೆ. ಬಿಳಿ ಪಟ್ಟಿ ಮತ್ತೆ ಕಟ್ಟಿಲ್ಲ. ಪಡಸಾಲೆಯ ಮಂಕು ಜಾಗದ ಮೇಲೆ ಅಜ್ಜಿ ಒಂದು ಮಣೆ ಹಾಕಿಕೊಂಡು ಕೂತು ಮೀನು ನೋಡುತ್ತಿದ್ದರು. ನೀರು ಒಂದು ಬೆರಳು ಇಳಿದಿತ್ತು. ಹಿಂದಿನ ಗಾಜಿನಲ್ಲಿ, ಕಪ್ಪು ಹಾಳೆಯ ಮೇಲೆ ಹೊಗೆಯಂಥ ಒಂದು ಗೆರೆ ಎದ್ದು ಕಾಣುತ್ತಿತ್ತು. ಅದು ಕಂಡ ಕೂಡಲೇ ಹುಡುಗ ಒಳಗೆ ಹೋಗಿ ಒಂದು ಬಿಂದಿಗೆ ಮಳೆನೀರು ತಂದು, ಗೆರೆ ಮುಳುಗುವವರೆಗೆ ನಿಧಾನವಾಗಿ ಸುರಿದ.